ಗುಜರಿಯಿಂದ ಬಂದ ತಾತ

ಕನ್ನಡಕದ ಅಂಗಡಿ ಎಂದಮೇಲೆ ಅಲ್ಲೊಂದು ಕನ್ನಡಿ ಇರಲೇಬೇಕು. ಹೊಸ ಕನ್ನಡಕ ಮೂಗಿಗೇರಿಸಿದ ಮನುಷ್ಯ ಮೊದಲು ನೋಡಬಯಸುವುದು ಜಗತ್ತನ್ನಲ್ಲ, ತನ್ನ ಮುಖವನ್ನು. ನಮ್ಮ ಕನ್ನಡಕದವರ ಅಂಗಡಿಯ ಕನ್ನಡಿ ನಡುವೆ ಸೀಳು ಬಿಟ್ಟು, ಅದರಲ್ಲಿ ನೋಡಿಕೊಂಡವರಿಗೆಲ್ಲ ಎರಡೆರಡು ಮೂಗು ಕಾಣಿಸುತ್ತಿದ್ದವು. ಎರಡು ಮೂಗು ಕಂಡ ಗಿರಾಕಿ ಒಂದು ಕನ್ನಡಕ ಕೊಳ್ಳುವುದಕ್ಕೂ ಹಿಂದೆ ಮುಂದೆ ನೋಡುತ್ತಾನೆ. ಎದುರು ಸಾಲಿನಲ್ಲಿ ಹೊಸದಾಗಿ ಬಂದಿದ್ದ, ಬಾಗಿಲು ತಾನಾಗಿಯೇ ತೆರೆದುಕೊಳ್ಳುವ ದೊಡ್ಡ ಅಂಗಡಿಯಲ್ಲಾದರೋ ನಾಲ್ಕೂ ಗೋಡೆಗೆ ಕನ್ನಡಿ. ಅಲ್ಲಿ ಗಿರಾಕಿಗೆ ತನ್ನ ಬೆನ್ನು ಕೂಡ ಕಾಣುತ್ತಿತ್ತು.

ಹೀಗಾಗಿ ಕನ್ನಡಕದವರು ಒಂದು ದಿನ ಗುಜರಿ ಅಂಗಡಿಗೆ ಹೋಗಿ, ಹಳೇ ಕಬ್ಬಿಣ, ಮುರಿದ ಕುರ್ಚಿಗಳ ನಡುವೆ ತಡಕಾಡಿ, ಕೆತ್ತನೆ ಕೆಲಸದ ಒಂದು ಮರದ ಚೌಕಟ್ಟನ್ನು ಆರಿಸಿದರು. ಅದಕ್ಕೆ ಕನ್ನಡಿ ಕೂರಿಸಿದರೆ ಅಂಗಡಿಗೊಂದು ಗತ್ತು ಬರುತ್ತದೆ ಎಂದು ಅವರ ಲೆಕ್ಕಾಚಾರ. ಚೌಕಟ್ಟಿನೊಳಗೆ ಯಾರದೋ ಒಂದು ಹಳೇ ಭಾವಚಿತ್ರವಿತ್ತು. ಅಗಲವಾದ ಹಣೆ, ಯಾರ ಮೇಲೋ ಸ್ವಲ್ಪ ಬೇಸರಗೊಂಡಂಥ ಕಣ್ಣು, ಪಕ್ಕದಲ್ಲಿ ಒರಗಿಸಿಟ್ಟ ತಂಬೂರಿ, ತೊಡೆಯ ಮೇಲೆ ತಾಳ ಹಾಕುತ್ತ ಅರ್ಧಕ್ಕೆ ನಿಂತ ಕೈ.

"ಚಿತ್ರ ತೆಗೆದುಬಿಡಪ್ಪ, ನಂಗೆ ಚೌಕಟ್ಟು ಸಾಕು," ಎಂದರು ಕನ್ನಡಕದವರು.

"ಇರಲಿ ತಗೊಂಡು ಹೋಗಿ ಸ್ವಾಮಿ," ಎಂದ ಗುಜರಿಯವನು. "ಯಾರೋ ದೊಡ್ಡೋರ ಥರ ಕಾಣ್ತಾರೆ. ಇಲ್ಲಿ ನೋಡಿದ್ರೆ ಸೈಕಲ್ ಚೈನಿನ ಪಕ್ಕ ಕೂತಿದ್ದಾರೆ, ನಂಗೂ ಒಂಥರಾ ಆಗತ್ತೆ."

ಗಾಜು ಕತ್ತರಿಸುವವನು ಕನ್ನಡಿ ತಂದುಕೊಡುವುದಕ್ಕೆ ಒಂದು ವಾರ ಬೇಕೆಂದ. ಅಲ್ಲಿಯವರೆಗೆ ಚೌಕಟ್ಟು ಯಾರ ಕಾಲಿಗೂ ಸಿಕ್ಕಿ ಮುರಿಯದಿರಲಿ ಎಂದು ಕನ್ನಡಕದವರು ಅದನ್ನು ಚಿತ್ರಸಮೇತ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ನೇತುಹಾಕಿದರು. ಮುಂದೆ ಒಂದು ತಿಂಗಳು ಆ ಬಡಾವಣೆಯಲ್ಲಿ ನಡೆದ ಸಕಲ ವಿದ್ಯಮಾನಗಳಿಗೂ ಆ ಮೊಳೆಯೇ ಮೂಲ.

ಮಾರನೆಯ ದಿನ ಸಂಗೀತ ಸಭೆಯ ಕಾರ್ಯದರ್ಶಿಗಳು ಬಂದರು. ನಿವೃತ್ತ ಹೆಡ್‌ಮಾಸ್ಟರು, ಇಪ್ಪತ್ತೆರಡು ವರ್ಷದಿಂದ ಸಭೆಯ ಕಾರ್ಯದರ್ಶಿ, ಮಾತಾಡುವಾಗ ಎದುರಿಗಿರುವವರು ಏಳನೇ ಕ್ಲಾಸಿನವರೆಂದೇ ಭಾವಿಸುವ ಸ್ವಭಾವ. ಅವರ ಕನ್ನಡಕದ ಒಂದು ಕಡ್ಡಿ ಕಳಚಿಕೊಂಡಿತ್ತು. ಅದನ್ನು ಕನ್ನಡಕದವರ ಕೈಗೆ ಕೊಟ್ಟು, ಬರಿಗಣ್ಣಿನಲ್ಲಿ ಸುತ್ತ ನೋಡುತ್ತ, ಗೋಡೆಯ ಹತ್ತಿರ ಮೂಗು ತಂದರು.

"ಆಹಾ. ಏನು ಕಳೆ. ಏನು ತೇಜಸ್ಸು. ಯಾರಿವರು?"

ನಿಜ ಹೇಳುವುದಾದರೆ ಹೇಳಬೇಕಿದ್ದುದು ಎರಡೇ ಮಾತು: ಗೊತ್ತಿಲ್ಲ, ಗುಜರಿಯದು. ಆದರೆ ಆ ಕ್ಷಣಕ್ಕೆ ಎದುರು ಸಾಲಿನ ಅಂಗಡಿಯ ಬಾಗಿಲು ತಾನಾಗಿಯೇ ತೆರೆದು, ತಾನಾಗಿಯೇ ಮುಚ್ಚಿಕೊಂಡಿತು. ಅಂಥ ಬಾಗಿಲಿನ ಎದುರು ಕೂತು, ನನ್ನ ಅಂಗಡಿಯ ಸಾಮಾನೆಲ್ಲ ಗುಜರಿಯಿಂದ ಬಂದದ್ದು ಎಂದು ಯಾವ ಮರ್ಯಾದಸ್ಥ ತಾನೇ ಒಪ್ಪಿಕೊಂಡಾನು?

"ನಮ್ಮ ತಾತ," ಎಂದರು ಕನ್ನಡಕದವರು.

"ಹಾಡ್ತಿದ್ರಾ?"

ತಂಬೂರಿ ಪಕ್ಕದಲ್ಲೇ ಇತ್ತು. ಇಲ್ಲ ಎನ್ನುವುದು ಹೇಗೆ? "ಹೂಂ, ಅವರಷ್ಟಕ್ಕೆ ಅವರು," ಎಂದರು.

ಕಾರ್ಯದರ್ಶಿಗಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಅವರ ಸಂಕಟವನ್ನು ಓದುಗರು ಅರ್ಥಮಾಡಿಕೊಳ್ಳಬೇಕು. ಸಭೆಯವರು ವರ್ಷಕ್ಕೊಬ್ಬ ಮಹಾನುಭಾವರ ಸ್ಮರಣೆ ಮಾಡುವ ಪದ್ಧತಿ ಇಟ್ಟುಕೊಂಡಿದ್ದರು. ಆಚೆ ರಸ್ತೆಯಲ್ಲಿ ಇನ್ನೊಂದು ಸಭೆ ಹುಟ್ಟಿಕೊಂಡ ಮೇಲೆ ಮಹಾನುಭಾವರ ಅಭಾವ ತಲೆದೋರಿತ್ತು. ಇವರು ಒಬ್ಬರ ಶತಮಾನೋತ್ಸವ ಎಂದು ಯೋಚಿಸುವಷ್ಟರಲ್ಲಿ ಅವರು ಕರಪತ್ರ ಹಂಚಿರುತ್ತಿದ್ದರು. ಹೋದ ವರ್ಷವಂತೂ ಒಬ್ಬರೇ ವಿದ್ವಾಂಸರನ್ನು ಎರಡೂ ಸಭೆಯವರು ಒಂದೇ ಸಂಜೆ ಸ್ಮರಿಸಿ, ಕೇಳುವವರು ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಿ, ಎರಡೂ ಕಡೆ ಕುರ್ಚಿಗಳೇ ಹೆಚ್ಚಾಗಿ ಕೇಳಿದ್ದವು.

"ಯಾರೂ ಮುಟ್ಟದ ವಿದ್ವಾಂಸರು," ಎಂದು ಕಾರ್ಯದರ್ಶಿಗಳು ಪಿಸುಗುಟ್ಟಿದರು. "ಆಚೆ ರಸ್ತೆಯವರಿಗೆ ಬಾಯಿ ಬಿಡಬೇಡಿ. ನಾಳೆ ಕಮಿಟಿ ಕರ್ಕೊಂಡು ಬರ್ತೀನಿ."

ಕಮಿಟಿ ಎಂದರೆ ಕಾರ್ಯದರ್ಶಿಗಳು ಮತ್ತು ಮೃದಂಗದ ಮೇಷ್ಟ್ರು. ಉಳಿದ ಒಂಬತ್ತು ಜನ ಕರಪತ್ರದಲ್ಲಿ ಮಾತ್ರ ಇದ್ದರು. ಮೇಷ್ಟ್ರು ಒಳ್ಳೆಯವರು, ಆದರೆ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. ಮೇಜು, ಕುರ್ಚಿ, ಪಕ್ಕದವರ ಮೊಣಕಾಲು, ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದರು. ಅಂದು ಗಾಜಿನ ಬೀರುವಿನ ಮೇಲೆ ಬೆರಳಾಡಿಸುತ್ತ ಕೂತರು. ಒಳಗಿದ್ದ ಕನ್ನಡಕಗಳೆಲ್ಲ ಸಣ್ಣಗೆ ಕುಣಿದವು.

ಕಾರ್ಯದರ್ಶಿಗಳು ನೋಟ್‌ಬುಕ್ಕು ತೆಗೆದರು. "ಮೊದಲು ಹೆಸರು."

"ತಾತ ಅಂತಿದ್ವಿ ಸರ್."

"ಅದು ನೀವು. ಹೊರಗಿನವರು?"

"ಅವರೂ ಹಾಗೇ ಅಂತಿದ್ರು."

"ಸಣ್ಣ ವಯಸ್ಸಿನಲ್ಲಿ?"

"ಆಗ ನಾನಿರಲಿಲ್ಲ ಸರ್."

ಮೇಷ್ಟ್ರು ತಲೆದೂಗಿದರು. "ನೋಡಿ, ಹೆಸರಿನ ಹಂಗೇ ಇಟ್ಕೊಂಡಿರಲಿಲ್ಲ. ಈಗಿನೋರು ಹೆಸರಿನ ಮುಂದೆ ಬಿರುದು ಸೇರಿಸಿ ಎರಡು ಸಾಲು ಮಾಡ್ಕೋತಾರೆ." ಕಾರ್ಯದರ್ಶಿಗಳು 'ವಿದ್ವಾನ್ ತಾತಯ್ಯನವರು' ಎಂದು ಬರೆದುಕೊಂಡರು.

"ದಿನಕ್ಕೆ ಎಷ್ಟು ಹೊತ್ತು ಸಾಧನೆ?"

ಕನ್ನಡಕದವರ ಕಣ್ಣು ಸಹಾಯಕ್ಕಾಗಿ ಅಲೆದು, ಬಾಗಿಲ ಮೇಲಿನ ತಮ್ಮದೇ ಬೋರ್ಡಿನ ಮೇಲೆ ನಿಂತಿತು. "ಬೆಳಿಗ್ಗೆ ಒಂಬತ್ತರಿಂದ ಒಂದು. ಸಂಜೆ ನಾಲ್ಕರಿಂದ ಎಂಟು."

"ಅಬ್ಬ, ಎಂಟು ಗಂಟೆ. ದಿನಾ?"

"ಭಾನುವಾರ ರಜಾ."

"ರಜಾನಾ?" ಕಾರ್ಯದರ್ಶಿಗಳ ಪೆನ್ನು ನಿಂತಿತು.

"ಮೌನ ಸರ್, ಮೌನ," ಎಂದರು ಮೇಷ್ಟ್ರು, ಬೀರುವನ್ನು ಬಾರಿಸುವುದನ್ನೂ ನಿಲ್ಲಿಸಿ. "ವಾರಕ್ಕೊಂದು ದಿನ ಮೌನ. ಬರೀರಿ ಅದನ್ನ."

"ಇಷ್ಟವಾದ ರಾಗ?"

"ಹಾಗೆಲ್ಲ ಭೇದ ಮಾಡ್ತಿರಲಿಲ್ಲ. ಬಂದೋರಿಗೆ ಯಾವುದು ಹೊಂದುತ್ತೋ ಅದನ್ನೇ ಕೊಡ್ತಿದ್ರು."

"ಶಿಷ್ಯರು?"

"ಹತ್ತಿರದೋರೂ ಇದ್ರು, ದೂರದೋರೂ ಇದ್ರು. ಕೆಲವರಿಗೆ ಎರಡೂ ಸೇರಿ ಇರತ್ತೆ."

ಇದನ್ನು ಇಬ್ಬರೂ ಬಹಳ ಹೊತ್ತು ಯೋಚಿಸಿದರು. ಆಳವಾದ ಮಾತು ಎಂದು ತೀರ್ಮಾನವಾಯಿತು. ಮುಂದಿನ ತಿಂಗಳ ಮೂರನೇ ಭಾನುವಾರ, ಸಂಜೆ ಐದಕ್ಕೆ, ಸಭೆಯ ಹಾಲಿನಲ್ಲಿ 'ಮರೆತ ಮಹಾವಿದ್ವಾಂಸರ ಸ್ಮರಣೆ' ಎಂದು ನಿಶ್ಚಯವಾಯಿತು. ಮೊಮ್ಮಗನಿಂದ ನಾಲ್ಕು ಮಾತು.

ಮನೆಯಲ್ಲಿ ಈ ಸುದ್ದಿ ತಣ್ಣಗೆ ಇಳಿಯಲಿಲ್ಲ. ಪಕ್ಕದ ಬೀದಿಯಲ್ಲಿದ್ದ ಅಕ್ಕ ಕರಪತ್ರ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಳು.

"ಲೋ, ಯಾವ ತಾತನೋ ಇದು?"

"ನಮ್ಮದೇ ಅಕ್ಕ."

"ನಮ್ಮ ತಾತ ಸೌದೆ ಡಿಪೋದಲ್ಲಿ ಸೌದೆ ಸೀಳ್ತಿದ್ರು ಕಣೋ. ಕೊಡಲಿ ಎತ್ತುವಾಗ ಹೂಂ, ಹೂಂ ಅಂತಿದ್ರು. ಅದು ಸಂಗೀತಾನಾ?"

"ಒಂದು ಲಯ ಇತ್ತಲ್ಲಕ್ಕ."

"ಲಯ ಅಂತೆ ಲಯ. ನಾಲ್ಕು ಜನ ಕೇಳಿದ್ರೆ ನಾನೇನು ಹೇಳ್ಲಿ? ನಾಳೆನೇ ಹೋಗಿ ತಪ್ಪಾಯ್ತು ಅಂತ ಹೇಳಿ ಬಾ."

ಅಷ್ಟರಲ್ಲಿ ಕನ್ನಡಕದವರ ಹೆಂಡತಿ ಕರಪತ್ರದ ಕೊನೆಯ ಸಾಲು ಓದಿ, "ಮನೆತನದವರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಅಂತ ಹಾಕಿದ್ದಾರೆ ಅತ್ತಿಗೆ," ಎಂದಳು.

ಅಕ್ಕ ಕರಪತ್ರವನ್ನು ಮತ್ತೆ ಬಿಡಿಸಿದಳು. "ಮೊದಲ ಸಾಲು ಅಂದ್ರೆ, ಫ್ಯಾನ್ ಕೆಳಗಾ?"

"ಅದೇ ಇರಬೇಕು."

"ಹೂಂ," ಎಂದು ಅಕ್ಕ ಕೂತಳು. ಕರಪತ್ರವನ್ನು ಮಡಿಸುತ್ತ, "ಸೌದೆ ಸೀಳಿದ ಮೇಲೆ ಸಂಜೆ ಹೊತ್ತು ಏನು ಮಾಡ್ತಿದ್ರೋ ನಮಗೇನು ಗೊತ್ತು," ಎಂದಳು. ಮರುದಿನದಿಂದ ಭಾವ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ, "ನಮ್ಮ ಮನೆಯವರದು ಸಂಗೀತದ ಮನೆತನ, ಅದಕ್ಕೇ ಸ್ವಲ್ಪ ಗಂಟಲು ಜಾಸ್ತಿ," ಎಂದು ಹೇಳತೊಡಗಿದರು.

ಬಡಾವಣೆಯೂ ಹಿಂದೆ ಬೀಳಲಿಲ್ಲ. ಕನ್ನಡಕದವರು ಬೆಳಿಗ್ಗೆ ಬಾಯಿ ಮುಕ್ಕಳಿಸುವುದನ್ನು ಮಹಡಿ ಮನೆಯ ಟೈಪಿಸ್ಟು ಇಪ್ಪತ್ತು ವರ್ಷದಿಂದ ಕೇಳಿ ಬೈದುಕೊಳ್ಳುತ್ತಿದ್ದರು. ಈಗ ಕಿಟಕಿ ತೆರೆದು, "ಕೇಳಿ, ಕೆಳಗಿನ ಸ್ಥಾಯೀಲಿ ಎಷ್ಟು ಹೊತ್ತು ನಿಲ್ತಾರೆ. ರಕ್ತದಲ್ಲೇ ಬಂದಿರಬೇಕು," ಎಂದು ಹೆಂಡತಿಯನ್ನು ಕರೆದು ತೋರಿಸಿದರು. ಪವರ್ ಚೆಕ್ ಮಾಡಿಸಲು ಬಂದವರು ಅಕ್ಷರದ ಬೋರ್ಡು ಬಿಟ್ಟು ಚಿತ್ರದ ಕಡೆಗೇ ನೋಡುತ್ತಿದ್ದುದರಿಂದ, ಆ ತಿಂಗಳು ಮೂವರಿಗೆ ತಪ್ಪು ನಂಬರಿನ ಕನ್ನಡಕ ಹೋಯಿತು. ಗಾಜಿನವನು ತಂದ ಕನ್ನಡಿಯನ್ನು ಮಂಚದ ಕೆಳಗೆ ಸರಿಸಬೇಕಾಯಿತು.

ಒಂದು ಮಧ್ಯಾಹ್ನ ಆಚೆ ರಸ್ತೆಯ ಸಭೆಯ ಅಧ್ಯಕ್ಷರೇ ಬಂದರು. ಕರ್ಟನ್ ಬಟ್ಟೆಯ ವ್ಯಾಪಾರಿ, ಮೃದುವಾದ ಮನುಷ್ಯ, ಮೃದುವಾದ ಮಾತು.

"ನೋಡಿ, ಅವರಿಗೆ ಕೊಟ್ಟುಬಿಟ್ಟಿದ್ದೀರಿ, ಇರಲಿ. ಮುಂದಿನ ವರ್ಷ ತಾತನ್ನ ನಮಗೆ ಕೊಡಿ. ತೀರಿಹೋದ ದಿನ ಅವರೇ ಇಟ್ಕೊಳ್ಳಲಿ, ಹುಟ್ಟಿದ ದಿನ ನಮಗಿರಲಿ. ಯಾವತ್ತು ಹುಟ್ಟಿದ್ದು?"

"ಅದಿನ್ನೂ ಗೊತ್ತಾಗಿಲ್ಲ ಸರ್."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಶನಿವಾರ ಹುಟ್ಟಲಿ. ನಮ್ಮ ಹಾಲು ಶನಿವಾರ ಖಾಲಿ."

ಸ್ಮರಣೆಗೆ ನಾಲ್ಕು ದಿನ ಉಳಿದಿರುವಾಗ ಕಾರ್ಯದರ್ಶಿಗಳು ಬಂದು ಚಿತ್ರವನ್ನು ಅಲಂಕಾರಕ್ಕೆಂದು ಹಾಲಿಗೆ ಸಾಗಿಸಿದರು. ಅದರ ಮರುದಿನ ಅಂಗಡಿಗೆ ಒಬ್ಬ ಮುದುಕಿ ಬಂದರು. ಸಣ್ಣ ದೇಹ, ನೆಟ್ಟಗಿನ ಬೆನ್ನು, ಕೈಯಲ್ಲೊಂದು ಬಟ್ಟೆಚೀಲ, ಮೂಗಿನ ಮೇಲೆ ಗೀರು ಬಿದ್ದ ಹಳೇ ಕನ್ನಡಕ. ಬೀದಿಕೊನೆಯ ಮನೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವರು; ಎಲ್ಲರೂ ಅವರನ್ನು ಪಾಠದಮ್ಮ ಎನ್ನುತ್ತಿದ್ದರು.

"ಏನಪ್ಪ, ನಿಮ್ಮ ತಾತನ ಚಿತ್ರ ಇಲ್ಲಿದೆ ಅಂದ್ರು?"

"ಹಾಲಿಗೆ ಹೋಗಿದೆ ಅಮ್ಮ. ಭಾನುವಾರ ಅಲ್ಲೇ ನೋಡಬಹುದು."

"ನೋಡಬಹುದು ಅಂದ್ರಾಯ್ತಾ? ಈ ಕನ್ನಡಕದಲ್ಲಿ ನಂಗೆ ಮನುಷ್ಯರೆಲ್ಲ ಒಗೆದು ಹಾಕಿದ ಬಟ್ಟೆ ಥರ ಕಾಣ್ತಾರೆ. ಹೊಸದು ಮಾಡಿಕೊಡು."

ಕನ್ನಡಕದವರು ಅವರನ್ನು ಕೂರಿಸಿ, ಪರೀಕ್ಷೆಯ ದಪ್ಪ ಚೌಕಟ್ಟು ಮೂಗಿಗಿಟ್ಟು, ಒಂದೊಂದೇ ಗಾಜು ಹಾಕಿ ತೆಗೆದು ನೋಡಿದರು. ಎಂಟನೆಯದಕ್ಕೆ ಅಮ್ಮ ಬೋರ್ಡಿನ ಕೊನೆಯ ಸಾಲನ್ನೂ ತಟತಟನೆ ಓದಿದರು.

"ಹಾಂ, ಇದೇ. ಇದೇ ಹಾಕಿಬಿಡು."

"ಓದೋದಕ್ಕೆ ಬೇರೆ ಮಾಡ್ಬೇಕಮ್ಮ."

"ಓದೋದು ಯಾರಿಗೆ ಬೇಕು. ನಂಗೊಂದು ಮುಖ ನೋಡೋದಿದೆ." ಅಮ್ಮ ಚೀಲವನ್ನು ಮಡಿಲಿಗೆ ತೆಗೆದುಕೊಂಡರು. "ನಮ್ಮ ಗುರುಗಳ ಚಿತ್ರ ಒಂದೇ ಒಂದು ಇತ್ತು. ಸಭೆಯ ಗೋಡೆ ಮೇಲೆ, ಕಿಟಕಿಯಿಂದ ಮೂರನೇದು. ಆರು ವರ್ಷದ ಹಿಂದೆ ಸುಣ್ಣ ಹೊಡೀಬೇಕು ಅಂತ ಇಳಿಸಿದ್ರು, ಮತ್ತೆ ಹಾಕಲೇ ಇಲ್ಲ. ಕೇಳಿದಾಗೆಲ್ಲ ಜೋಪಾನವಾಗಿದೆ ಅಂತಾರೆ. ಮೊನ್ನೆ ಯಾರೋ ಹೇಳಿದ್ರು, ನಿಮ್ಮ ತಾತನ ಚಿತ್ರದಲ್ಲೂ ತಂಬೂರಿ ಇದೆ, ತಾಳ ಹಾಕೋ ಕೈ ಅರ್ಧಕ್ಕೆ ನಿಂತಿದೆ ಅಂತ."

ಕನ್ನಡಕದವರ ಕೈಯಿಂದ ಒಂದು ಗಾಜು ಜಾರಿ ಡಬ್ಬಿಗೆ ಬಿತ್ತು.

"ಅವರೇ ಇರಲಾರರು ಬಿಡು," ಎಂದು ಅಮ್ಮ ತಾವೇ ಸಮಾಧಾನ ಹೇಳಿದರು. "ನಮ್ಮ ಗುರುಗಳು ಮದುವೇನೇ ಆಗಿರಲಿಲ್ಲ. ಮೊಮ್ಮಗ ಎಲ್ಲಿಂದ ಬರಬೇಕು? ಆದರೂ ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ ಮನಸ್ಸಿಗೆ ಸರಿ. ಭಾನುವಾರಕ್ಕೆ ಕೊಡ್ತೀಯಲ್ಲ?"

"ಹತ್ತು ದಿನ ಆಗತ್ತಮ್ಮ," ಎಂದರು ಕನ್ನಡಕದವರು. "ಈ ಪವರಿನ ಲೆನ್ಸು ಹೊರಗಿಂದ ಬರಬೇಕು."

"ಭಾನುವಾರಕ್ಕೆ ಏನೂ ಮಾಡೋಕಾಗಲ್ವಾ?"

"ಇಲ್ಲಮ್ಮ."

ಅಮ್ಮ ಜಗಳವಾಡಲಿಲ್ಲ. ಎದ್ದು, ಮೆಟ್ಟಿಲನ್ನು ಕಾಲಿನಿಂದ ಹುಡುಕಿಕೊಂಡರು. "ಆಗಲಿ. ಹತ್ತಿರ ಹೋಗಿ ಮುಟ್ಟಿ ನೋಡ್ತೀನಿ."

"ಗಾಜಿನ ಮೇಲೆ ಮುಟ್ಟಿದ್ರೆ ಏನು ತಿಳಿಯತ್ತಮ್ಮ?"

"ಏನೂ ತಿಳಿಯಲ್ಲ. ಆದರೂ," ಎಂದು ಅಮ್ಮ ಬೀದಿಗಿಳಿದರು.

ಊಟದ ಡಬ್ಬಿ ತಂದಿದ್ದ ಹೆಂಡತಿ ಇದನ್ನೆಲ್ಲ ಬಾಗಿಲ ಬಳಿ ನಿಂತು ಕೇಳಿದ್ದಳು. ಡಬ್ಬಿ ಇಟ್ಟು, ಮೇಜಿನ ಎರಡನೇ ಖಾನೆ ಎಳೆದಳು.

"ರೀ, ಈ ಪವರಿನ ಲೆನ್ಸು ಇಲ್ಲೇ ಇದೆಯಲ್ಲ. ಚೀಟಿ ನಾನೇ ಬರೆದು ಅಂಟಿಸಿದ್ದು."

"ಅದು ಬೇರೆ."

"ನಂಬರು ಅದೇ ಇದೆ."

"ನಂಬರು ಅದೇ ಇದ್ರೂ ಬೇರೆ."

ಹೆಂಡತಿ ಖಾನೆಯನ್ನು ತೆರೆದೇ ಬಿಟ್ಟಳು. "ಮಂಚದ ಕೆಳಗೆ ಒಂದು ಕನ್ನಡಿ ಇದೆ. ಸಂಜೆ ಮನೆಗೆ ಬಂದಾಗ ಅದರಲ್ಲಿ ಒಂದು ಸಲ ಮುಖ ನೋಡ್ಕೊಳ್ಳಿ," ಎಂದು ಹೋದಳು. ಅಂದು ಡಬ್ಬಿ ತೆರೆಯದೆ ಮನೆಗೆ ವಾಪಸಾಯಿತು.

ಭಾನುವಾರ ನಾಲ್ಕು ಗಂಟೆಗೆ ಅಕ್ಕ, ಭಾವ, ಹೆಂಡತಿ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಸಿದ್ಧರಾದರು. ಮೊಮ್ಮಗ ಮಾತ್ರ ಮನೆಯಲ್ಲಿರಲಿಲ್ಲ. ನಾಲ್ಕು ಮಾತಾಡಲು ಹೆದರಿ ಎಲ್ಲೋ ಅಡಗಿಕೊಂಡಿದ್ದಾನೆ ಎಂದು ಭಾವ ಅಭಿಪ್ರಾಯಪಟ್ಟರು. ನಿಜ ಸಂಗತಿ ಎಂದರೆ, ವಾರದ ರಜೆ ಎಂದು ಬೋರ್ಡಿನಲ್ಲಿ ಬರೆದಿದ್ದ ಆ ದಿನ, ಅಂಗಡಿಯ ಷಟರು ಅರ್ಧ ಎದ್ದಿತ್ತು. ಒಳಗಿನಿಂದ ಗಾಜು ಉಜ್ಜುವ ಕಲ್ಲಿನ ಸದ್ದು ಒಂದೇ ಸಮನೆ ಬರುತ್ತಿತ್ತು.

ಐದೂಕಾಲಿಗೆ ಕನ್ನಡಕದವರು ಹಾಲಿಗೆ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಹೂವಿನ ನಡುವೆ ತಾತ. ಸುತ್ತ ಬಣ್ಣದ ಬಲ್ಬುಗಳ ಸರ ಹತ್ತಿ ಆರಿ, ತಾತ ಒಮ್ಮೆ ಕೆಂಪಗೆ, ಒಮ್ಮೆ ಹಸಿರಾಗಿ ಬೇಸರಪಟ್ಟುಕೊಳ್ಳುತ್ತಿದ್ದರು. ಹಾಡುವವರು ಶ್ರುತಿ ಸೇರಿಸಿಕೊಂಡು ಕಾಯುತ್ತಿದ್ದರು. ಕಾರ್ಯದರ್ಶಿಗಳು ಮೈಕಿನ ಮುಂದಿದ್ದರು.

"ದಿನಕ್ಕೆ ಎಂಟು ಗಂಟೆ ಸಾಧನೆ. ಭಾನುವಾರ ಮೌನ. ಬಂದವರಿಗೆ ಹೊಂದುವ ರಾಗವನ್ನೇ ಕೊಡುತ್ತಿದ್ದ ಉದಾರಿ. ಇಂಥವರನ್ನು ನಾವು ಮರೆತೆವು. ನಾವು ಎಂದರೆ ಬೇರೆಯವರು. ಈಗ ಅವರ ಮೊಮ್ಮಗ ಮಾತಾಡುತ್ತಾರೆ."

ಮೊಮ್ಮಗ ಒಂದು ಕಡೆಯಿಂದ ವೇದಿಕೆ ಹತ್ತಿ, ಮೈಕನ್ನು ದಾಟಿ, ಇನ್ನೊಂದು ಕಡೆಯಿಂದ ಇಳಿದರು. ನೇರವಾಗಿ ಮೊದಲ ಸಾಲಿನ ಮೂಲೆಯಲ್ಲಿ ಕೂತಿದ್ದ ಪಾಠದಮ್ಮನ ಎದುರು ಮೊಣಕಾಲೂರಿದರು. ಜೇಬಿನಿಂದ ಡಬ್ಬಿ ತೆಗೆದು, ಹಳೇ ಕನ್ನಡಕ ಬಿಡಿಸಿ, ಹೊಸದನ್ನು ಅವರ ಮೂಗಿನ ಮೇಲೆ ಕೂರಿಸಿದರು.

"ಹತ್ತು ದಿನ ಅಂದಿದ್ದೆ?"

"ಸುಳ್ಳು ಹೇಳಿದ್ದೆ ಅಮ್ಮ. ಕಿವಿ ಹಿಂದೆ ಒತ್ತುತ್ತಾ?"

"ಇಲ್ಲ. ಸರಿಯಾಗಿದೆ."

ಜನಕ್ಕೆ ಇದು ಮಾತಿಗಿಂತ ದೊಡ್ಡ ಗೌರವ ಎನಿಸಿ, ಜೋರಾಗಿ ಚಪ್ಪಾಳೆ ಹೊಡೆದರು. ಅಮ್ಮ ಎದ್ದು ವೇದಿಕೆಯ ಮೂರು ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತಿದರು. ಚಿತ್ರದ ಎದುರು ನಿಂತರು. ಚಿತ್ರ ಕೆಂಪಾಯಿತು, ಹಸಿರಾಯಿತು.

"ಈ ಬಲ್ಬು ಆರಿಸಿ," ಎಂದರು. ಆರಿಸಿದರು. ಬಹಳ ಹೊತ್ತು ನೋಡಿದರು.

"ಇವರು ನಮ್ಮ ಗುರುಗಳು."

ಮತ್ತೆ ಚಪ್ಪಾಳೆ. "ನೋಡಿ, ಶಿಷ್ಯೆ ಕೂಡ ಸಿಕ್ಕಿಬಿಟ್ಟರು," ಎಂದು ಕಾರ್ಯದರ್ಶಿಗಳು ಮೈಕಿನಲ್ಲಿ ಗದ್ಗದರಾದರು.

"ಇವರಿಗೆ ಮಕ್ಕಳಿರಲಿಲ್ಲ," ಎಂದರು ಅಮ್ಮ.

ಹಿಂದಿನ ಸಾಲಿನಲ್ಲಿ ಇಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ಶುರುಮಾಡಿ, ನಡುವೆ ನಿಲ್ಲಿಸಿದರು.

ಅಮ್ಮನ ಹಿಂದೆಯೇ ವೇದಿಕೆ ಹತ್ತಿದ್ದ ಕನ್ನಡಕದವರ ಕಡೆ ಕಾರ್ಯದರ್ಶಿಗಳು ಮೈಕಿನ ಸಮೇತ ತಿರುಗಿದರು. "ಏನ್ರೀ ಇದು? ದತ್ತು ಏನಾದರೂ?"

"ಇಲ್ಲ ಸರ್. ಗುಜರಿ."

"ಅದು ಯಾವ ಸಂಬಂಧ?"

"ಗುಜರಿ ಅಂಗಡೀಲಿ ತಂದದ್ದು ಸರ್. ಚೌಕಟ್ಟಿಗೋಸ್ಕರ. ಕನ್ನಡಿ ಹಾಕಿಸೋಣ ಅಂತ. ಯಾರು ಅಂತ ನೀವು ಕೇಳಿದ್ರಿ, ಬಾಯಿಗೆ ತಾತ ಅಂತ ಬಂತು. ಆಮೇಲೆ ವಾಪಸ್ ತಗೊಳ್ಳೋಕೆ ಜಾಗಾನೇ ಸಿಗಲಿಲ್ಲ." ಇದಷ್ಟೂ ಮೈಕಿನಲ್ಲಿ ಹೋಯಿತು.

ಅಕ್ಕ ಫ್ಯಾನಿನ ಕೆಳಗಿನಿಂದಲೇ, ಯಾರೂ ಕೇಳದಿದ್ದರೂ, "ನಾನು ಮೊದಲೇ ಹೇಳಿದ್ದೆ. ಸೌದೆ ಡಿಪೋ," ಎಂದಳು. ಭಾವ ಎರಡು ಕುರ್ಚಿ ಆಚೆ ಸರಿದು, ತಾವು ಬೇರೆ ಯಾರದೋ ಜೊತೆ ಬಂದವರಂತೆ ಕೂತರು.

ಆಚೆ ರಸ್ತೆಯ ಅಧ್ಯಕ್ಷರು ಮೃದುವಾಗಿ ಎದ್ದು ನಿಂತರು. "ಯಾರೋ ಏನೋ ಅಂದ್ರೆ ಪರೀಕ್ಷೆ ಮಾಡದೆ ಸ್ಮರಿಸಿಬಿಡೋದಾ? ನಮ್ಮಲ್ಲಿ ಹೀಗೆಲ್ಲ ಆಗೋದಿಲ್ಲಪ್ಪ."

ಕಾರ್ಯದರ್ಶಿಗಳಿಗೆ ರೇಗಿತು. ಇಪ್ಪತ್ತೆರಡು ವರ್ಷದ ಸೇವೆ ಕಣ್ಣೆದುರೇ ಒಗೆದು ಹಾಕಿದ ಬಟ್ಟೆಯಾಗುತ್ತಿತ್ತು. ಮೇಜು ಕುಟ್ಟಿದರು. "ಇವನು ಸುಳ್ಳು ಹೇಳಿದ, ಸರಿ. ಇವನನ್ನ ಆಮೇಲೆ ನೋಡ್ಕೋತೀನಿ. ಆದರೆ ಇಂಥ ವಿದ್ವಾಂಸರ ಚಿತ್ರಾನ ಗುಜರಿಗೆ ಹಾಕಿದ ಅಯೋಗ್ಯ ಯಾರು? ಅವನಿಗೆ ಕಿವಿ ಇದೆಯಾ? ಹೃದಯ ಇದೆಯಾ? ಅವನನ್ನ ಹುಡುಕಿ ಈ ವೇದಿಕೆ ಮೇಲೆ ನಿಲ್ಲಿಸಬೇಕು."

"ನಿಂತಿದ್ದಾರಲ್ಲ," ಎಂದರು ಅಮ್ಮ. ಕನ್ನಡಕದವರ ಕಡೆ ತಿರುಗಿ, "ಹಿಂದಿನ ರಟ್ಟು ಬಿಚ್ಚಪ್ಪ," ಎಂದರು.

ಕನ್ನಡಕದವರ ಜೇಬಿನಲ್ಲಿ ಸಣ್ಣ ತಿರುಪುಳಿ ಸದಾ ಇರುತ್ತಿತ್ತು. ನಾಲ್ಕು ಮೊಳೆ ಎಬ್ಬಿಸಿ ರಟ್ಟು ತೆಗೆದರು. ಒಂದು ತಿಂಗಳಿಂದ ಇಡೀ ಬಡಾವಣೆ ಆ ಚಿತ್ರಕ್ಕೆ ಮುಂದಿನಿಂದ ಕೈಮುಗಿದಿತ್ತು. ಹಿಂದಿನ ರಟ್ಟು ಬಿಚ್ಚಿ ನೋಡಿದ ಪ್ರಾಣಿ ಒಂದೂ ಇರಲಿಲ್ಲ. ಚಿತ್ರದ ಬೆನ್ನಿಗೆ ಶಾಯಿಯಲ್ಲಿ ಏನೋ ಬರೆದಿತ್ತು. ಮೃದಂಗದ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದರು. ಮೊದಲು ಗುರುಗಳ ಹೆಸರು. ಕೇಳಿದ ನಾಲ್ಕೈದು ಹಿರಿಯರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಮೇಲೆ, "ಶಿಷ್ಯೆಯಿಂದ ಸಂಗೀತ ಸಭೆಗೆ. ಸದಾ ಗೋಡೆಯ ಮೇಲಿರಲಿ ಎಂಬ ಕೋರಿಕೆಯೊಂದಿಗೆ. ಕೆಳಗೆ ಸಭೆಯ ಮೊಹರು. ಆಮೇಲೆ, ಪಡೆದುಕೊಂಡಿದ್ದೇನೆ, ಕಾರ್ಯದರ್ಶಿ, ಸಹಿ." ಮೇಷ್ಟ್ರು ಕತ್ತೆತ್ತಿದರು. "ಸರ್, ಸಹಿ ನಿಮ್ಮದೇ."

ಕಾರ್ಯದರ್ಶಿಗಳು ಬಗ್ಗಿ, ಆ ಸಹಿಯ ಹತ್ತಿರ ಮೂಗು ತಂದು ನೋಡಿದರು.

"ಸುಣ್ಣ ಹೊಡೆಸಿದಾಗ ಸ್ಟೋರಲ್ಲಿ ಇಟ್ಟಿದ್ವಿ," ಎಂದರು ಕಾರ್ಯದರ್ಶಿಗಳು, ಏಳನೇ ಕ್ಲಾಸಿನ ಹುಡುಗನ ಧ್ವನಿಯಲ್ಲಿ. "ಆಮೇಲೆ ಸ್ಟೋರು ಖಾಲಿ ಮಾಡಿಸಿದ್ವಿ. ಒಳಗೆ ಏನಿತ್ತು ಅಂತ... ನೋಡಲಿಲ್ಲ."

ಆಚೆ ರಸ್ತೆಯ ಅಧ್ಯಕ್ಷರಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಹೊಸ ಕನ್ನಡಕವನ್ನು ಅವರತ್ತ ತಿರುಗಿಸಿದರು. "ನಿಮ್ಮ ಹಾಲಿಗೆ ಸುಣ್ಣ ಹೊಡೆಸಿದ್ದು ಯಾವಾಗಪ್ಪ?"

"ಹೋದ ವರ್ಷ."

"ಅಲ್ಲಿದ್ದ ಚಿತ್ರಗಳು?"

ಅಧ್ಯಕ್ಷರು ಸ್ವಲ್ಪ ಯೋಚಿಸಿ, ಕೂತರು.

ಹಾಡುವವರು ಮೆಲ್ಲಗೆ, "ಶುರು ಮಾಡಲಾ, ನಿಲ್ಲಿಸಲಾ?" ಎಂದು ಕೇಳಿದರು. ಅಮ್ಮ ಕೈ ತೋರಿಸಿ ತಡೆದು ಮೈಕಿನ ಹತ್ತಿರ ಬಂದರು.

"ದಿನಕ್ಕೆ ಎಂಟು ಗಂಟೆ ಅಂತ ಓದಿದ್ರಿ. ಸುಳ್ಳು. ನಮ್ಮ ಗುರುಗಳು ಕೂರ್ತಿದ್ದದ್ದು ಬೆಳಿಗ್ಗೆ ಒಂದೇ ಗಂಟೆ. ಆ ಒಂದು ಗಂಟೆ ಒಂದೇ ಸ್ವರ. ತಪ್ಪಿದ್ರೆ ಬೈತಿರಲಿಲ್ಲ. ಎದ್ದು ಕಿಟಕಿ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಲ್ತಿದ್ರು. ಸರಿಯಾದಾಗ ತಿರುಗಿ ಬರ್ತಿದ್ರು. ನಾನು ಬಹಳ ತಪ್ಪುತ್ತಿದ್ದೆ. ಹನ್ನೊಂದು ವರ್ಷ ಕಲಿತೆ, ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದೀನಿ. ಅದಕ್ಕೇ ಈ ಚಿತ್ರ ಬೇಕಿತ್ತು."

ಜನ ನಕ್ಕರು, ಆಮೇಲೆ ನಗು ಎಲ್ಲಿಗೋ ಹೋಯಿತು. ಅಮ್ಮ ತಂಬೂರಿಯ ಕಡೆ ಕಿವಿಗೊಟ್ಟು ಷಡ್ಜ ಹಿಡಿದರು. ಮುದಿ ಗಂಟಲು, ಮೊದಲು ಸ್ವಲ್ಪ ನಡುಗಿತು, ನಂತರ ನಿಂತಿತು. ಒಂದೇ ಸ್ವರ, ಕೇಳುವವರ ಉಸಿರು ಮುಗಿದರೂ ಅವರದು ಮುಗಿಯಲಿಲ್ಲ. ಅದಾದ ಮೇಲೆ ಹಾಡುವವರು, ಬರೆದುಕೊಂಡು ಬಂದಿದ್ದ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟು, ಅಮ್ಮ ಹೇಳಿದ ಕೃತಿಗಳನ್ನೇ ಹಾಡಿದರು. ಮೇಷ್ಟ್ರು ಹಿಂದೆಂದೂ ಇಲ್ಲದಷ್ಟು ಮೆತ್ತಗೆ ಬಾರಿಸಿದರು.

ಮುಗಿದ ಮೇಲೆ ಕಾರ್ಯದರ್ಶಿಗಳು ಚಿತ್ರದ ಬಳಿ ಬಂದರು. "ಅಮ್ಮ, ತಪ್ಪಾಯ್ತು. ನಾಳೆನೇ ಕಿಟಕಿಯಿಂದ ಮೂರನೇ ಜಾಗದಲ್ಲಿ ಹಾಕಿಸ್ತೀನಿ. ಮೇಲೊಂದು ದೀಪಾನೂ ಹಾಕಿಸ್ತೀನಿ."

"ಬೇಡಪ್ಪ," ಎಂದರು ಅಮ್ಮ. "ಇನ್ನು ನಾಲ್ಕು ವರ್ಷಕ್ಕೆ ಮತ್ತೆ ಸುಣ್ಣ ಬರತ್ತೆ. ಇವನ ಅಂಗಡೀಲೇ ಇರಲಿ. ಅಲ್ಲಿಗೆ ಬರೋರು ಕಣ್ಣು ಸರಿಮಾಡ್ಕೊಂಡು ನೋಡ್ತಾರೆ."

"ನನ್ನ ಅಂಗಡೀ‌ಲಾ? ನಾನು ಸುಳ್ಳು ಹೇಳಿದೋನಮ್ಮ," ಎಂದರು ಕನ್ನಡಕದವರು.

"ಗೊತ್ತು. ಇವರು ಜೋಪಾನವಾಗಿದೆ ಅಂತ ಹೇಳ್ತಾ ಹೇಳ್ತಾ ಗುಜರಿಗೆ ಹಾಕಿದ್ರು. ನೀನು ಸುಳ್ಳು ಹೇಳಿ ಗೋಡೆಗೆ ಹಾಕಿದೆ. ಸದ್ಯಕ್ಕೆ ಧೂಳು ಒರೆಸು, ಉಳಿದದ್ದು ಆಮೇಲೆ ನೋಡೋಣ."

ಸೋಮವಾರ ಒಂಬತ್ತಕ್ಕೆ ಸರಿಯಾಗಿ ಅಮ್ಮ ಅಂಗಡಿಯಲ್ಲಿದ್ದರು. ಕನ್ನಡಕದವರು ಕುರ್ಚಿ ಹತ್ತಿ ಚಿತ್ರ ಹಿಡಿದು ನಿಂತರು. ಕೆಳಗೆ ಹೆಂಡತಿ ಕುರ್ಚಿಯ ಕಾಲು ಹಿಡಿದುಕೊಂಡಿದ್ದಳು. ಲೆನ್ಸು ಕೊಳ್ಳಲು ಬಂದಿದ್ದ ಇಬ್ಬರು ಬಾಗಿಲಲ್ಲೇ ಕಾಯುತ್ತಿದ್ದರು.

"ಎಡಕ್ಕೆ," ಎಂದರು ಅಮ್ಮ. "ಜಾಸ್ತಿಯಾಯ್ತು. ಬಲಕ್ಕೆ. ಒಂದು ಕೂದಲೆಳೆ ಮೇಲೆ. ಏಯ್, ಕೂದಲೆಳೆ ಅಂದ್ರೆ ಗೇಣು ಎತ್ತುತೀಯಲ್ಲ, ಕಿವಿ ಎಲ್ಲಿದೆ ನಿಂಗೆ? ಇಳಿಸು. ಇನ್ನೂ ಒಂಚೂರು."

"ಕೈ ನೋಯ್ತಿದೆ ಅಮ್ಮ."

"ನೋಯಲಿ. ಹಾಂ, ಅಲ್ಲೇ. ಅಲ್ಲಾಡಬೇಡ." ಅಮ್ಮ ಕನ್ನಡಕ ಸರಿಮಾಡಿಕೊಂಡು, ತಲೆ ಓರೆ ಮಾಡಿ, ಗೋಡೆಯನ್ನೇ ಆಲಿಸುವವರಂತೆ ಕೂತರು. "ಈಗ ಶ್ರುತಿ ಸೇರ್ತು. ಮೊಳೆ ಹೊಡಿ."